ಬೆಕ್ಕು ಉಟ್ಟು

ಶಾಲೆಯಿಂದ ನಿವೃತ್ತಳಾದೊಡನೆ ಪಾಠ ಹೇಳುವ ಚಪಲವೂ ನಿವೃತ್ತವಾಗುವುದೆಂದು ನಾನು ತಿಳಿದಿದ್ದೆ. ಹಾಗಾಗಲಿಲ್ಲ. ಮೂವತ್ತನಾಲ್ಕು ವರ್ಷ ಸುಳ್ಯ ತಾಲ್ಲೂಕಿನ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸಿ, 2014ರಲ್ಲಿ ಮನೆಗೆ ಬಂದೆ. ಬೀಳ್ಕೊಡುವ ದಿನ ಊರವರು ಹಾರ ಹಾಕಿ, ಫಲ ತಾಂಬೂಲದ ಜೊತೆಗೆ ಒಂದು ಗೋಡೆಗಡಿಯಾರವನ್ನೂ ಕೊಟ್ಟರು. ಗಂಟೆಯ ಹಂಗು ತಪ್ಪಿದವರಿಗೆ ಗಡಿಯಾರವನ್ನೇ ಏಕೆ ಕೊಡುತ್ತಾರೋ ನನಗಿನ್ನೂ ತಿಳಿದಿಲ್ಲ. ಬೆಳಗ್ಗೆ ಒಂಬತ್ತೂವರೆಯಾದರೆ ಕಾಲು ತಾನಾಗಿ ಜಗಲಿಯಿಂದ ಕೆಳಗಿಳಿಯುತ್ತಿತ್ತು. ಇಳಿದು ಹೋಗುವುದೆಲ್ಲಿಗೆ? ಅಂಗಳದ ತುಳಸಿಕಟ್ಟೆಗೆ ಒಂದು ಸುತ್ತು ಬಂದು ಮತ್ತೆ ಜಗಲಿ ಹತ್ತುತ್ತಿದ್ದೆ.

ನನ್ನ ಊರು ಸಂಪಾಜೆ. ಸಂಪಾಜೆ ಎಂಬ ಹೆಸರಿನ ಊರುಗಳು ಎರಡು. ಒಂದು ದಕ್ಷಿಣ ಕನ್ನಡಕ್ಕೆ ಸೇರಿದ್ದು, ಇನ್ನೊಂದು ಕೊಡಗಿಗೆ ಸೇರಿದ್ದು. ಮಾಣಿಯಿಂದ ಮೈಸೂರಿಗೆ ಹೋಗುವ ಹೆದ್ದಾರಿ ಎರಡನ್ನೂ ಪೋಣಿಸಿಕೊಂಡು ಘಟ್ಟ ಹತ್ತುತ್ತದೆ. ಪಯಸ್ವಿನಿ ಹೊಳೆ ಇಲ್ಲಿಂದ ಇಳಿದು, ಕೇರಳವನ್ನು ಹೊಕ್ಕು, ಚಂದ್ರಗಿರಿ ಎಂದು ಹೆಸರು ಬದಲಿಸಿಕೊಂಡು ಕಾಸರಗೋಡಿನ ಬಳಿ ಸಮುದ್ರ ಸೇರುತ್ತದೆ. ನಮ್ಮದು ಕೆಳಗಿನ ಸಂಪಾಜೆ. ಅಡಿಕೆಯೇ ನಮ್ಮ ಅನ್ನವಾಗಿತ್ತು. ಆದರೆ ಹಳದಿ ಎಲೆ ರೋಗ ಎಂಬುದೊಂದು ಈ ಸೀಮೆಯ ತೋಟಗಳಿಗೆ ಹಿಡಿದು, ಮರಗಳು ಒಂದೊಂದಾಗಿ ಸೋಗೆ ಹಳದಿಗಟ್ಟಿ ನಿಂತಲ್ಲಿಯೇ ಬಡವಾದವು. ಅದಕ್ಕೆ ಮದ್ದಿಲ್ಲ. ನಮ್ಮ ಯಜಮಾನರು ಬದುಕಿದ್ದಾಗಲೇ ಅರ್ಧ ತೋಟವನ್ನು ಕಡಿಸಿ ರಬ್ಬರ್ ಇಟ್ಟಿದ್ದರು. ಮಗ ಅದನ್ನೆಲ್ಲ ನೋಡಿ ಬೆಳೆದವನು. ಲೆಕ್ಕಪತ್ರದ ವಿದ್ಯೆ ಕಲಿತು ಶಾರ್ಜಾಕ್ಕೆ ಹೋದ. 2015ರಲ್ಲಿ, “ಒಬ್ಬಳೇ ತುಳಸಿಕಟ್ಟೆ ಸುತ್ತಿದ್ದು ಸಾಕು” ಎಂದು ನನ್ನನ್ನೂ ಕರೆದುಕೊಂಡು ಹೋದ.

ನಾವಿದ್ದುದು ಶಾರ್ಜಾದ ರೋಲಾ ಎಂಬ ಕಡೆ. ಅಲ್ಲಿದ್ದ ಒಂದು ಮಹಾ ಆಲದ ಮರದಿಂದ ಬಂದ ಹೆಸರಂತೆ ಅದು. ಮರ 1978ರಲ್ಲಿಯೇ ಹೋಯಿತು, ಹೆಸರು ಉಳಿಯಿತು. ಆರನೆಯ ಮಹಡಿಯ ಕಿಟಕಿಯಿಂದ ನೋಡಿದರೆ ಇನ್ನೊಂದು ಕಟ್ಟಡದ ಆರನೆಯ ಮಹಡಿಯ ಕಿಟಕಿ. ಅಲ್ಲಿ ಒಣಹಾಕಿದ ಲುಂಗಿ. ಕೆಳಗೆ ಕೇರಳದವರ ಅಂಗಡಿಗಳು. ತೆಂಗಿನಕಾಯಿ, ಕರಿಬೇವು, ನೇಂದ್ರ ಬಾಳೆ, ಕುಚ್ಚಲಕ್ಕಿ ಎಲ್ಲವೂ ಸಿಕ್ಕುತ್ತಿತ್ತು. ಒಮ್ಮೊಮ್ಮೆ ನಮ್ಮ ಕಡೆಯ ಮಲ್ಲಿಗೆಯ ಚೆಂಡು ಕೂಡ ವಿಮಾನವೇರಿ ಬರುತ್ತಿತ್ತು. ಸಿಕ್ಕದಿದ್ದುದು ಮಳೆಯೊಂದೇ. ವರ್ಷದಲ್ಲಿ ಕೆಲವೇ ದಿನ ಹನಿಯುವ ಆ ನಾಡಿನಲ್ಲಿ ಒಂದು ತುಂತುರು ಬಿದ್ದರೆ ಮಕ್ಕಳು ಹೋ ಎಂದು ಕೂಗುತ್ತ ಲಿಫ್ಟು ಹಿಡಿದು ಕೆಳಗೋಡುತ್ತಿದ್ದರು. ನಾಲ್ಕು ತಿಂಗಳು ಗೊರಬೆಯೊಳಗೇ ಬೆಳೆದ ನನಗೆ ಅದನ್ನು ನೋಡಿ ನಗುವೂ ಬರುತ್ತಿತ್ತು, ಮರುಕವೂ ಆಗುತ್ತಿತ್ತು.

ದುಬೈಯಲ್ಲಿ 2014ರಲ್ಲಿಯೇ ಕನ್ನಡಿಗರು ಒಂದು ಕನ್ನಡ ಪಾಠಶಾಲೆಯನ್ನು ತೆರೆದು, ಮಕ್ಕಳಿಗೆ ಹಣ ತೆಗೆದುಕೊಳ್ಳದೆ ಕಲಿಸುತ್ತಿದ್ದರು. ಆ ಸುದ್ದಿ ನಮ್ಮ ಕಟ್ಟಡಕ್ಕೂ ಬಂತು. ಶಾರ್ಜಾದಿಂದ ದುಬೈಗೆ ದೂರವೇನೂ ಇಲ್ಲ. ಆದರೆ ನಡುವಿನ ವಾಹನಗಳ ಸಾಲನ್ನು ಕಂಡವರು ಅದನ್ನು ಹತ್ತಿರವೆಂದು ಹೇಳಲಾರರು. ಹೀಗಾಗಿ ನಾಲ್ಕು ಮನೆಯ ತಾಯಂದಿರು ಸೇರಿ, “ಟೀಚರ್, ನೀವು ಇಲ್ಲಿಯೇ ನಮ್ಮ ಮಕ್ಕಳಿಗೆ ನಾಲ್ಕಕ್ಷರ ಹೇಳಿಕೊಡಬಾರದೆ?” ಎಂದು ಕೇಳಿದರು. ಕೇಳುವುದನ್ನೇ ಕಾದಿದ್ದವಳಂತೆ ಒಪ್ಪಿಕೊಂಡೆ. ಸಂಬಳದ ಮಾತು ಬಂದಾಗ ಕೈ ಅಡ್ಡ ಹಿಡಿದೆ. ಸರ್ಕಾರ ಪಿಂಚಣಿ ಕೊಡುತ್ತಿದೆ, ಮಗ ಅನ್ನ ಹಾಕುತ್ತಿದ್ದಾನೆ, ಇನ್ನೇನು ಬೇಕು ಎಂದೆ. ಹಾಗೆ ಹೇಳುವಾಗ ಮನಸ್ಸಿನ ಮೂಲೆಯಲ್ಲಿ ಒಂದಿಷ್ಟು ಹೆಮ್ಮೆ ಹೆಡೆಯಾಡಿದ್ದನ್ನು ಈಗ ಮುಚ್ಚಿಡಲಾರೆ.

ಆಗ ಆ ದೇಶದಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಶುಕ್ರವಾರ ಬೆಳಗ್ಗೆ ಒಂಬತ್ತರಿಂದ ಹನ್ನೊಂದೂವರೆಯವರೆಗೆ ನಮ್ಮ ತರಗತಿ. ಅನಂತರ ಮಧ್ಯಾಹ್ನದ ನಮಾಜಿಗೆ ಹೊರಟವರಿಂದ ಮೆಟ್ಟಿಲು, ಲಿಫ್ಟು ಎಲ್ಲ ತುಂಬಿಬಿಡುತ್ತಿದ್ದವು. ನಮ್ಮ ಕೋಣೆಯ ಸೋಫಾವನ್ನು ಗೋಡೆಗೆ ತಳ್ಳಿ, ನೆರೆಮನೆಗಳಿಂದ ಕುರ್ಚಿ ತಂದು, ಒಂದು ಬಿಳಿ ಹಲಗೆಯನ್ನು ಫ್ರಿಜ್ಜಿಗೆ ಒರಗಿಸಿದರೆ ಶಾಲೆ ಸಿದ್ಧ. ಫ್ರಿಜ್ಜಿನ ಬಾಗಿಲು ತೆರೆಯಬೇಕಾದರೆ ಸೊಸೆ ಪಾಠದ ನಡುವೆ ನನ್ನ ಅಪ್ಪಣೆ ಬೇಡಬೇಕಾಗಿತ್ತು. ಪಾಪ, ಅವಳು ಬಾಯ್ಬಿಟ್ಟು ಏನೂ ಹೇಳಲಿಲ್ಲ. ವಾರಕ್ಕೊಂದೇ ದಿನ ಮಲಗಿ ಏಳುವ ಭಾಗ್ಯವನ್ನು ಅತ್ತೆಯ ಸೇವೆಗಾಗಿ ತ್ಯಾಗ ಮಾಡಿದಳು. ನಾತೂರ್, ಎಂದರೆ ಕಟ್ಟಡದ ಕಾವಲುಗಾರ, ಬಂಗಾಳಿ ಮುದುಕ. ಏನು ನಡೆಯುತ್ತಿದೆಯೆಂದು ನೋಡಲು ಬಂದವನು ಬಾಗಿಲಲ್ಲಿ ನಿಂತು, ಮಕ್ಕಳು ರಾಗವಾಗಿ ಕಾಗುಣಿತ ಹೇಳುವುದನ್ನು ಕೇಳಿ, ತಲೆದೂಗಿ ಹೊರಟುಹೋದ. ಮುಂದಿನ ವಾರದಿಂದ ಕುರ್ಚಿ ಹೊರುವುದಕ್ಕೆ ಅವನೂ ಬರತೊಡಗಿದ.

ಮಕ್ಕಳು ಏಳರಿಂದ ಹದಿನಾಲ್ಕಾದರು, ಹದಿನಾಲ್ಕು ಇಪ್ಪತ್ತೆರಡಾಯಿತು. ಸಹಾಯಕ್ಕೆ ಪುತ್ತೂರು ಕಡೆಯ ನರ್ಸ್ ಒಬ್ಬಳು ಸಿಕ್ಕಿದಳು. ಗುರುವಾರ ರಾತ್ರಿಯಿಡೀ ಆಸ್ಪತ್ರೆಯಲ್ಲಿ ದುಡಿದು, ಮುಖ ತೊಳೆದುಕೊಂಡು, ನಿದ್ದೆಗಣ್ಣಿನಲ್ಲಿಯೇ ಚಿಕ್ಕ ಮಕ್ಕಳ ಗುಂಪನ್ನು ಕೂಡಿಸಿಕೊಂಡು ಕೂರುತ್ತಿದ್ದಳು. ನನ್ನ ಸೇವೆಯನ್ನು ಹೊಗಳಿದವರು ಬಹಳ. ನಿಜವಾಗಿ ಹೊಗಳಬೇಕಾದದ್ದು ಅವಳನ್ನು.

ನಾನು ‘ನಲಿ ಕಲಿ’ಯ ಕ್ರಮವನ್ನೇ ಹಿಡಿದೆ. ನಮ್ಮ ಕಾಲದ ಹಾಗೆ ಅ, ಆ, ಇ, ಈ ಎಂದು ಶುರುಮಾಡುವುದಲ್ಲ. ರ, ಗ, ಸ, ದ, ಅ ಎಂದು ಬರೆಯಲು ಸುಲಭವಾದ ಅಕ್ಷರಗಳಿಂದ ಆರಂಭ. ಈ ಐದು ಬಂದರೆ ಮೊದಲ ವಾರದಲ್ಲಿಯೇ ಮಗು ಸರ, ಅರಸ, ಗರಗಸ ಎಂದು ಬರೆದು ಬೀಗಬಹುದು. ಆದರೆ ಗರಗಸವನ್ನು ಆ ಮಕ್ಕಳಲ್ಲಿ ಒಬ್ಬರೂ ಕಂಡಿರಲಿಲ್ಲ. ಬ್ರೆಡ್ ಕೊಯ್ಯುವ ಹಲ್ಲಿನ ಚಾಕುವನ್ನು ಅಡುಗೆಮನೆಯಿಂದ ತಂದು, “ಇದರ ಅಜ್ಜ” ಎಂದು ತಿಳಿಸಬೇಕಾಯಿತು. ಇನ್ನೊಂದು ತಮಾಷೆ: ಅಲ್ಲಿನ ಶಾಲೆಗಳಲ್ಲಿ ಅರಬ್ಬಿ ಕಡ್ಡಾಯ. ಅರಬ್ಬಿ ಬಲದಿಂದ ಎಡಕ್ಕೆ ಹೋಗುವ ಬರಹ. ಒಬ್ಬ ಹುಡುಗ ‘ಸರ’ ಎಂದು ಬರೆ ಎಂದರೆ ‘ರಸ’ ಎಂದು ಬರೆದ. ತಪ್ಪು ಎಂದರೆ, “ನಾನು ಈ ಕಡೆಯಿಂದ ಬಂದೆ ಟೀಚರ್” ಎಂದ. ಅವನ ದಾರಿಯಲ್ಲಿ ಅವನು ಸರಿಯಾಗಿಯೇ ಬಂದಿದ್ದ.

ಈ ಸಂಬಳವಿಲ್ಲದ ಉಪಾಧ್ಯಾಯಿನಿಯ ಬದುಕಿನಲ್ಲಿ ಒಂದು ಅಪಾಯವುಂಟು. ಊರಿನ ಶಾಲೆಯಲ್ಲಿದ್ದಾಗ ತಪಾಸಣೆಗೆ ಇನ್ಸ್‌ಪೆಕ್ಟರು ಬರುತ್ತಿದ್ದರು, ಮುಖ್ಯೋಪಾಧ್ಯಾಯರಿದ್ದರು, ಜಗಳಕ್ಕೆ ಬರುವ ತಂದೆತಾಯಿಗಳಿದ್ದರು. ಇಲ್ಲಿ ಯಾರೂ ಇಲ್ಲ. ಹಣ ತೆಗೆದುಕೊಳ್ಳದೆ ಕಲಿಸುವವಳಿಗೆ ಎಲ್ಲರೂ ಕೈಮುಗಿಯುವವರೇ. ಒಬ್ಬರು ಖರ್ಜೂರದ ಡಬ್ಬಿ ತಂದರೆ ಇನ್ನೊಬ್ಬರು ನೀರುದೋಸೆ ಕಟ್ಟಿಕೊಂಡು ಬರುತ್ತಿದ್ದರು. ನಾನು ಮಾಡಿದ್ದು ತಪ್ಪೆಂದು ಹೇಳುವ ಬಾಯಿ ಆ ಇಪ್ಪತ್ತೆರಡು ಮನೆಗಳಲ್ಲಿ ಒಂದೂ ಇರಲಿಲ್ಲ.

2017ರ ಕೊನೆಯಲ್ಲಿ ಒಂಬತ್ತು ವರ್ಷದ ಒಬ್ಬ ಹುಡುಗಿ ಹೊಸದಾಗಿ ಸೇರಿದಳು. ಕರೆತಂದ ತಂದೆ ಬಾಗಿಲಲ್ಲಿ ಚಪ್ಪಲಿ ಕಳಚುತ್ತಲೇ, “ಟೀಚರ್, ನಿಮ್ಮ ಮನೆ ಸಂಪಾಜೆಲಿ ಎಲ್ಲಿ ಉಟ್ಟು?” ಎಂದು ಕೇಳಿದ. ಅರೆಭಾಷೆ! ಸುಳ್ಯ ಮತ್ತು ಕೊಡಗಿನ ಗೌಡರ ಮನೆಮಾತು. ನನ್ನ ಮನೆಮಾತು ಕೂಡ. ಅವನ ಮನೆ ನಮ್ಮಿಂದ ಘಟ್ಟದ ಮೇಲಕ್ಕೆ, ಜೋಡುಪಾಲದ ಕಡೆ. ಮರುಭೂಮಿಯ ನಡುವೆ ತೌರಿನ ದನಿ ಕೇಳಿದ ಹಾಗಾಗಿ ಎದೆ ಜುಂ ಎಂದಿತು. ಆದರೆ ಕೋಣೆಯ ತುಂಬ ಮಕ್ಕಳು, ಬೆಂಗಳೂರು ಕಡೆಯ ಇಬ್ಬರು ತಾಯಂದಿರು. ನಾನು ಬೆನ್ನು ನೆಟ್ಟಗೆ ಮಾಡಿ, “ಕೆಳಗಿನ ಸಂಪಾಜೆಯಲ್ಲಿದೆ. ಕುಳಿತುಕೊಳ್ಳಿ” ಎಂದೆ. ಅವನ ನಗು ಅರ್ಧದಲ್ಲಿ ನಿಂತಿತು. ಮುಂದೆ ನನ್ನೊಡನೆ ಅವನೂ ಪುಸ್ತಕದ ಕನ್ನಡವನ್ನೇ ಆಡಿದ.

“ಊರಿನಲ್ಲಿ ನನ್ನ ಅವ್ವ ಒಬ್ಬರೇ ಇದ್ದಾರೆ. ಇವಳಿಗೆ ಅವರೊಡನೆ ಮಾತನಾಡಲು ಬರುವುದಿಲ್ಲ. ಅದಕ್ಕಾಗಿ ಕಳಿಸುತ್ತಿದ್ದೇನೆ” ಎಂದ. ಕಳಿಸಿದ ಕಾರಣ ಇಷ್ಟು ಸ್ಪಷ್ಟವಾಗಿತ್ತು. ನಾನು ಕೇಳಿಸಿಕೊಂಡೆ, ಕಿವಿಗೆ ಹಾಕಿಕೊಳ್ಳಲಿಲ್ಲ.

ಹುಡುಗಿ ಚುರುಕು. ಮೂರು ತಿಂಗಳಲ್ಲಿ ಒತ್ತಕ್ಷರಗಳವರೆಗೆ ಬಂದಳು. ಒಂದು ಶುಕ್ರವಾರ ‘ನನ್ನ ಅಜ್ಜಿಯ ಮನೆ’ ಎಂಬ ವಿಷಯ ಕೊಟ್ಟು ಐದು ವಾಕ್ಯ ಬರೆಯಿರಿ ಎಂದೆ. ಅವಳು ಬರೆದದ್ದರಲ್ಲಿ ಮೂರನೆಯ ವಾಕ್ಯ: “ಅಜ್ಜಿ ಮನೆಲಿ ಬೆಕ್ಕು ಉಟ್ಟು.” ನನ್ನ ಕೈಯ ಕೆಂಪು ಪೆನ್ನು ಮೂವತ್ತನಾಲ್ಕು ವರ್ಷದ ಅಭ್ಯಾಸದಿಂದ ತಾನಾಗಿಯೇ ಓಡಿ ಆ ಕೊನೆಯ ಪದವನ್ನು ಹೊಡೆದುಹಾಕಿತು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ನಾನು ವಾಕ್ಯವನ್ನು ಗಟ್ಟಿಯಾಗಿ ಓದಿ, “ಬೆಕ್ಕು ಏನನ್ನು ಉಟ್ಟಿತಮ್ಮ? ಸೀರೆಯನ್ನೋ, ಪಂಚೆಯನ್ನೋ?” ಎಂದು ಕೇಳಿದೆ. ತರಗತಿ ನಕ್ಕಿತು. ತಾಯಂದಿರೂ ನಕ್ಕರು. ಒಳ್ಳೆಯ ಮಾತಾಡಿದೆನೆಂದು ನಾನೂ ನಕ್ಕೆ. ಹುಡುಗಿ ಪುಸ್ತಕವನ್ನು ಮುಚ್ಚಿ ಅದರ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಳು.

ಮುಂದಿನ ಶುಕ್ರವಾರ ಅವಳು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ತಂದೆಗೆ ಫೋನು ಮಾಡಿದರೆ, “ಅವಳಿಗೆ ಶಾಲೆಯ ಕೆಲಸ ಬಹಳ, ಟೀಚರ್. ಕ್ಷಮಿಸಬೇಕು” ಎಂದ. ಕ್ಷಮೆ ಕೇಳಿದವನು ಅವನು!

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಒಂದನೆಯ ತರಗತಿಯಲ್ಲಿ ನಾನು ಅದೇ ಪದಕ್ಕಾಗಿ ಬೆಂಚಿನ ಮೇಲೆ ನಿಂತದ್ದು ನೆನಪಾಯಿತು. “ಪುಸ್ತಕ ಎಲ್ಲಿ?” ಎಂದು ಕೇಳಿದ ಮಾಸ್ತರಿಗೆ, “ಮನೆಲಿ ಉಟ್ಟು” ಎಂದಿದ್ದೆ. ನಮ್ಮ ಸೀಮೆಯ ಶಾಲೆಗಳಲ್ಲಿ ಕನ್ನಡ ಎಷ್ಟು ಮಕ್ಕಳ ಮನೆಮಾತು? ನನ್ನ ತರಗತಿಗಳಲ್ಲಿ ತುಳು ಆಡುವವರಿದ್ದರು, ಹವ್ಯಕರಿದ್ದರು, ಬ್ಯಾರಿ, ಮಲೆಯಾಳ, ಕೊಂಕಣಿಯ ಮಕ್ಕಳಿದ್ದರು. 1964ರ ಒಪ್ಪಂದದ ಮೇರೆಗೆ ಸಿಂಹಳದಿಂದ ಬಂದು ಸುಳ್ಯದ ರಬ್ಬರ್ ತೋಟಗಳಲ್ಲಿ ನೆಲೆಸಿದ ತಮಿಳರ ಮಕ್ಕಳೂ ಇದ್ದರು. ಕನ್ನಡ ನಮ್ಮೆಲ್ಲರಿಗೂ ಶಾಲೆಯ ಬಾಗಿಲಲ್ಲಿ ತೊಡುವ ಅಂಗಿ. ಒಳ್ಳೆಯ ಅಂಗಿ, ಅದನ್ನು ತೊಟ್ಟದ್ದರಿಂದಲೇ ತುಳುವಿನವನೂ ಬ್ಯಾರಿಯವನೂ ಒಂದೇ ಬೆಂಚಿನಲ್ಲಿ ಕೂತು ಜಗಳವಾಡಲು ಸಾಧ್ಯವಾಯಿತು. ಆದರೆ ಅಂಗಿ ತೊಡಿಸುವ ಆತುರದಲ್ಲಿ ಮೈಯ ಚರ್ಮವನ್ನೂ ಉಜ್ಜಿ ತೆಗೆಯಲು ಹೊರಟವರಲ್ಲಿ ನಾನೂ ಒಬ್ಬಳು.

ಹಾಗೆ ನೋಡಿದರೆ ಆ ಪದದ ತಪ್ಪಾದರೂ ಏನು? ‘ಉಂಟು’ ಎಂದರೆ ನಾನು ಹೊಡೆದುಹಾಕುತ್ತಿರಲಿಲ್ಲ. ಅದಕ್ಕೆ ಗ್ರಂಥದ ಮರ್ಯಾದೆಯಿದೆ. ನನಗೆ ತೋರುವಂತೆ, ಉಂಟು ಎಂಬುದರ ಸೊನ್ನೆ ಸವೆದು ಹೋದದ್ದೇ ನಮ್ಮ ಉಟ್ಟು. 2011ರಲ್ಲಿ ಸರ್ಕಾರವೇ ಅರೆಭಾಷೆಗೆ ಒಂದು ಅಕಾಡೆಮಿಯನ್ನು ಸ್ಥಾಪಿಸಿ, ಮಡಿಕೇರಿಯಲ್ಲಿ ಅದಕ್ಕೊಂದು ನೆಲೆ ಕೊಟ್ಟಿತು. ಸರ್ಕಾರ ಒಪ್ಪಿದ್ದನ್ನು ನನ್ನ ಕೆಂಪು ಪೆನ್ನು ಒಪ್ಪಿರಲಿಲ್ಲ.

ಹೋಗಿ ಮಾತನಾಡಿ ಬರಬೇಕೆಂದು ನಾಲ್ಕು ಸಲ ಹೊರಟೆ. ನಾಲ್ಕು ಸಲವೂ ಏನೋ ಒಂದು ನೆವ. ಅಷ್ಟರಲ್ಲಿ ಬೇಸಗೆ ಬಂತು. ಜುಲೈ, ಆಗಸ್ಟ್‌ನಲ್ಲಿ ಶಾಲೆಗಳಿಗೆ ರಜೆ. ಅರ್ಧ ಕಟ್ಟಡವೇ ಊರಿಗೆ ಹೋಗಿ ಖಾಲಿಯಾಯಿತು. ನಮ್ಮ ತರಗತಿಯೂ ನಿಂತಿತು.

2018ರ ಆಗಸ್ಟ್ ತಿಂಗಳನ್ನು ನಮ್ಮ ಕಡೆಯವರು ಮರೆಯುವ ಹಾಗಿಲ್ಲ. ಅತ್ತ ಕೇರಳ ನೀರಿನಲ್ಲಿ ಮುಳುಗಿ ಕೊಚ್ಚಿಯ ವಿಮಾನ ನಿಲ್ದಾಣವೇ ಮುಚ್ಚಿತ್ತು. ಇತ್ತ ಕೊಡಗಿನಲ್ಲಿ ಗುಡ್ಡಗಳು ಜರಿದವು. 17ನೆಯ ತಾರೀಕು ಶುಕ್ರವಾರ ಜೋಡುಪಾಲದಲ್ಲಿ ಬೆಟ್ಟವೇ ಕೆಸರಾಗಿ ಇಳಿಯಿತೆಂಬ ಸುದ್ದಿ ಬಂತು. ಸಂಪಾಜೆಯಿಂದ ಮಡಿಕೇರಿಗೆ ಹೋಗುವ ರಸ್ತೆ ಕಡಿದುಹೋಯಿತು. ಉಟ್ಟ ಬಟ್ಟೆಯಲ್ಲಿ ಓಡಿಬಂದ ಜನಕ್ಕಾಗಿ ಸಂಪಾಜೆ, ಕಲ್ಲುಗುಂಡಿ, ಅರಂತೋಡುಗಳಲ್ಲಿ ಶಿಬಿರ ತೆರೆದರು. ನಮ್ಮ ಕಟ್ಟಡದ ಮೆಟ್ಟಿಲ ಮೇಲೆಲ್ಲ ಜನ ಫೋನು ಹಿಡಿದು ನಿಂತಿದ್ದರು. ಮಲೆಯಾಳದಲ್ಲಿ ಒಬ್ಬರು, ತುಳುವಿನಲ್ಲಿ ಒಬ್ಬರು. ಹೊರಗೆ ನೆತ್ತಿ ಸುಡುವ ಬಿಸಿಲು. ಒಳಗೆ ಎಲ್ಲರ ಬಾಯಲ್ಲೂ ಮಳೆ.

ಆಗ ನೆವ ಹುಡುಕಲಿಲ್ಲ. ಮಗನನ್ನು ಕರೆದುಕೊಂಡು ಆ ಹುಡುಗಿಯ ಮನೆಗೆ ಹೋದೆ. ತಂದೆ ಎರಡು ದಿನದಿಂದ ಊರಿಗೆ ಫೋನು ಹಚ್ಚಿ ಹಚ್ಚಿ ಸೋತು ಕೂತಿದ್ದ. ನನ್ನನ್ನು ಕಂಡು ಎದ್ದು ನಿಂತ. ನಾನು ಅರೆಭಾಷೆಯಲ್ಲಿಯೇ ಕೇಳಿದೆ, ಅವ್ವನ ಸುದ್ದಿ ಏನಾದರೂ ಉಟ್ಟೋ ಎಂದು. ಅವನು ನನ್ನ ಮುಖವನ್ನೇ ನೋಡಿದ. ಗಂಡಸು; ಅದುವರೆಗೂ ತಡೆದುಕೊಂಡಿದ್ದವನು ಅತ್ತುಬಿಟ್ಟ.

ನನ್ನ ನಾದಿನಿ ಸಂಪಾಜೆಯಲ್ಲಿದ್ದಳು. ಅವಳಿಗೆ ಹೇಳಿ ಕಳಿಸಿದೆ. ಮರುದಿನ ಸಂಜೆ ಉತ್ತರ ಬಂತು: ಮುದುಕಿ ಶಿಬಿರದಲ್ಲಿದ್ದಾರೆ, ಮೈಗೆ ಏನೂ ಆಗಿಲ್ಲ. ಮನೆಯ ಹಿಂಬದಿ ಕುಸಿದಿದೆ, ಕೊಟ್ಟಿಗೆ ಹೋಗಿದೆ, ತೋಟ ಮಣ್ಣಿನ ಕೆಳಗಿದೆ. ಇದನ್ನು ತಂದೆಗೆ ಹೇಳಿದೆವು, ಹುಡುಗಿಗೆ ಹೇಳಲಿಲ್ಲ.

ವಾಟ್ಸ್‌ಆಪ್‌ನಲ್ಲಿ ನೇರವಾಗಿ ಮಾತನಾಡುವುದಕ್ಕೆ ಆ ದೇಶದಲ್ಲಿ ಎಡೆಯಿರಲಿಲ್ಲ. ಆದರೆ ದನಿಯನ್ನು ಹಿಡಿದು ಕಳಿಸಬಹುದಾಗಿತ್ತು. ನಾದಿನಿ ತನ್ನ ಫೋನನ್ನು ಶಿಬಿರಕ್ಕೆ ಒಯ್ಯುತ್ತೇನೆಂದಳು. ತಂದೆ ಮಾತನಾಡಿದ. ಅನಂತರ ಹುಡುಗಿಯ ಬಾಯಿಯ ಬಳಿ ಫೋನು ಹಿಡಿದ. ಅವಳು ಒಮ್ಮೆ ನನ್ನನ್ನು ನೋಡಿ ತುಟಿ ಬಿಗಿದುಕೊಂಡಳು. ನಾನು ಎದ್ದು ಅಡುಗೆಮನೆಗೆ ಹೋಗಿ, ಅವಳ ತಾಯಿಯ ಜೊತೆ ಬೇಕೆಂದೇ ಪಾತ್ರೆ ಸದ್ದು ಮಾಡುತ್ತ ನಿಂತೆ. ಆದರೂ ಕಿವಿ ಬಾಗಿಲಲ್ಲಿಯೇ ಇತ್ತು.

“ಅಜ್ಜೀ, ಅಲ್ಲಿ ಮಳೆ ಉಟ್ಟಾ? ಮನೆ ಉಟ್ಟಾ? ಬೆಕ್ಕು ಉಟ್ಟಾ?”

ಒಂದು ಗಂಟೆಯ ಮೇಲೆ ಉತ್ತರ ಬಂತು. ಜನರ ಗಜಿಬಿಜಿ, ತಟ್ಟೆಗಳ ಸದ್ದು, ಅದರ ಹಿಂದೆ ತಗಡಿನ ಮೇಲೆ ಸುರಿಯುವ ನಮ್ಮೂರಿನ ಮಳೆ. ಮೊದಲು ಮುದುಕಿ ಮಾತಾಡಲೇ ಇಲ್ಲ. ಫೋನಿನಲ್ಲಿ ಏನು ಮಾಡಬೇಕೆಂದು ಅವರಿಗೆ ತಿಳಿಯಲಿಲ್ಲವೋ ಏನೋ. ಆಮೇಲೆ ಕೇಳಿಸಿತು: “ಉಟ್ಟು ಮಗಾ, ಉಟ್ಟು. ಎಲ್ಲ ಉಟ್ಟು.”

ತಂದೆ ಗೋಡೆಯ ಕಡೆಗೆ ತಿರುಗಿದ. ಹುಡುಗಿ ಅದನ್ನು ಹನ್ನೊಂದು ಸಲ ಹಾಕಿ ಕೇಳಿದಳು. ಎಣಿಸಿದವಳು ನಾನು.

ಸೆಪ್ಟೆಂಬರಿನಲ್ಲಿ ತರಗತಿ ಮತ್ತೆ ತೆರೆಯಿತು. ಅವಳು ಬಂದಳು, ಎರಡನೆಯ ಸಾಲಿನಲ್ಲಿ ಅದೇ ಜಾಗದಲ್ಲಿ ಕುಳಿತಳು. ನಾನು ಹಲಗೆಯ ಮೇಲೆ ‘ಇದೆ’ ಎಂದು ಬರೆದು, ಇದನ್ನು ನಿಮ್ಮ ನಿಮ್ಮ ಮನೆಯಲ್ಲಿ ಹೇಗೆ ಹೇಳುತ್ತೀರಿ ಎಂದು ಕೇಳಿದೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ಧಾರವಾಡದ ಕಡೆಯ ಹುಡುಗ ಧೈರ್ಯ ಮಾಡಿ ‘ಐತಿ’ ಎಂದ. ಬರೆದೆ. ತುಳುವಿನವಳು ‘ಉಂಡು’ ಎಂದಳು. “ಅದು ನಮ್ಮದು!” ಎಂದು ಬ್ಯಾರಿಯ ಹುಡುಗ ಎದ್ದು ನಿಂತ. ಯಾರದು ಎಂದು ಇಬ್ಬರಿಗೂ ವಾದ ಹತ್ತಿತು. ಹಿಂದಿನ ಸಾಲಿನಲ್ಲಿ ಅವನ ತಂದೆ ಕುಳಿತಿದ್ದ. ಸೂಪರ್ ಮಾರ್ಕೆಟ್ಟಿನಲ್ಲಿ ಕೆಲಸ, ಊರಿನಲ್ಲಿ ಏಳನೆಯ ತರಗತಿಯವರೆಗೆ ಕನ್ನಡ ಶಾಲೆ. “ಎರಡು ಸಲ ಬರೆಯಿರಿ ಟೀಚರ್, ಜಗಳ ಬೇಡ” ಎಂದು ತೀರ್ಪು ಕೊಟ್ಟ. ಎರಡು ಸಲ ಬರೆದೆ. ಹವ್ಯಕರ ಹುಡುಗಿ ‘ಇದ್ದು’ ಎಂದಳು, ಕೊಂಕಣಿಯವನು ‘ಆಸ’ ಎಂದ. ಹಲಗೆ ತುಂಬುತ್ತ ಬಂತು. ಬೆಂಗಳೂರಿನ ತಾಯಿಯೊಬ್ಬರು, “ನಮ್ಮ ಮನೆಯಲ್ಲಿ ತೆಲುಗು, ಟೀಚರ್. ‘ಉಂದಿ’ ಅನ್ನುತ್ತೇವೆ” ಎಂದು ಮೆಲ್ಲಗೆ ಹೇಳಿದರು. ಎರಡು ವರ್ಷದಿಂದ ಬರುತ್ತಿದ್ದವರು. ಅವರ ಮನೆಮಾತು ತೆಲುಗೆಂದು ನನಗೆ ಗೊತ್ತೇ ಇರಲಿಲ್ಲ.

ಎಲ್ಲರದೂ ಮುಗಿದ ಮೇಲೆ, “ನನ್ನ ಮನೆಯದು ಉಳಿದಿದೆ” ಎಂದು ಹೇಳಿ ಕೆಳಗಿನ ಮೂಲೆಯಲ್ಲಿ ‘ಉಟ್ಟು’ ಎಂದು ಬರೆದೆ. ಆ ದಿನ ನಗಿಸಿದ ಮಾತನ್ನು ನೆನಪಿಟ್ಟಿದ್ದ ಹುಡುಗನೊಬ್ಬ, “ಟೀಚರ್, ಅದು ಸೀರೆ ಉಡುವುದಲ್ಲವೆ?” ಎಂದ. “ಅದೂ ಹೌದು. ಆದರೆ ಆ ದಿನ ನಾನು ಮಾಡಿದ್ದು ತಪ್ಪು, ಇವಳು ಬರೆದದ್ದು ನಮ್ಮಿಬ್ಬರ ಮನೆಯ ಮಾತು” ಎಂದೆ. ಇಷ್ಟನ್ನು ಹೇಳಲು ನನಗೆ ಏಳು ತಿಂಗಳು ಹಿಡಿದಿತ್ತು.

ತರಗತಿ ಮುಗಿದ ಮೇಲೆ ಅವಳ ಹಳೆಯ ಪುಸ್ತಕವನ್ನು ಕೇಳಿ ತೆಗೆದುಕೊಂಡೆ. ಕೆಂಪು ಗೆರೆ ಹಾಗೆಯೇ ಇತ್ತು. ಶಾಯಿಯನ್ನು ಅಳಿಸುವುದು ಹೇಗೆ? ಪೆನ್ಸಿಲು ತೆಗೆದುಕೊಂಡು, ಹೊಡೆದುಹಾಕಿದ ಪದದ ಕೆಳಗೆ ಅದೇ ಪದವನ್ನು ದುಂಡಗೆ ಬರೆದು ಕೊಟ್ಟೆ. ಅವಳು ಪುಸ್ತಕವನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ಪರೀಕ್ಷಿಸಿ, “ಟೀಚರ್, ನಿಮ್ಮ ಒತ್ತು ಸರಿ ಬಿದ್ದಿಲ್ಲ” ಎಂದಳು.

ನೋಡಿದರೆ ನಿಜವಾಗಿಯೂ ಬಿದ್ದಿರಲಿಲ್ಲ. ತಿದ್ದಿ ಬರೆದೆ.